ಕರ್ಮ, ಪುನರ್ಜನ್ಮ, ಮುಕ್ತಿ: ಮಾತು ಒಂದೇ, ಅರ್ಥ ಎರಡು

(ಸಂಘದ ವಾರ್ಷಿಕೋತ್ಸವದ ದಿನ ಆಡಿದ ಮಾತಿನ ಬರಹರೂಪ)



ನನಗೆ ಕೊಟ್ಟ ವಿಷಯ ದೊಡ್ಡದು. ಕರ್ಮ, ಪುನರ್ಜನ್ಮ, ಮುಕ್ತಿ. ಹಿಂದೂ ಧರ್ಮದಲ್ಲಿ ಇವುಗಳ ಅರ್ಥ ಏನು, ಬುದ್ಧನ ಧಮ್ಮದಲ್ಲಿ ಏನು ಅಂತ ಹೇಳಬೇಕು. ಇದು ಪಂಡಿತರ ವಿಷಯ, ನಮಗ್ಯಾಕ ಅಂತ ನಿಮಗೆ ಅನ್ನಿಸಬಹುದು. ಆದರೆ ನೀವೇ ವಿಚಾರ ಮಾಡಿ ನೋಡ್ರಿ. ದಿನಕ್ಕೆ ಎಷ್ಟು ಸಲ ಈ ಮಾತು ನಮ್ಮ ಬಾಯಾಗ ಬರ್ತದ? ಮಳಿ ಕೈಕೊಟ್ಟರೆ 'ನಮ್ಮ ಕರ್ಮ'. ಹುಡುಗನಿಗೆ ನೌಕರಿ ಸಿಗದಿದ್ದರೆ 'ಅವನ ಹಣೇಬರಹ'. ಹೆರಿಗೆಯಾಗ ಸೊಸಿ ತೀರಿಕೊಂಡರೆ 'ಅಷ್ಟ ಪಡಕೊಂಡು ಬಂದಿದ್ಳು'. ಮನೆಯ ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ಇದೆ. ಬುದ್ಧನ ಮೂರ್ತಿ ಇದೆ. ಪಂಚಶೀಲ ಮಕ್ಕಳಿಗೂ ಬಾಯಿಪಾಠ ಇದೆ. ಆದರೂ ಕಷ್ಟ ಬಂದ ಕೂಡಲೆ ಬಾಯಿಂದ ಬರುವ ಮೊದಲ ಮಾತು ಹಳೆಯದೇ. ಧರ್ಮ ಬದಲಾಯಿತು, ಮಾತು ಬದಲಾಗಲಿಲ್ಲ.

ಮಾತು ಬದಲಾಗದಿದ್ದರೆ ಏನು ನಷ್ಟ ಅಂತ ಕೇಳಬಹುದು. ನಷ್ಟ ಅದ. ಅದನ್ನೇ ಇವತ್ತು ಹೇಳುತ್ತೇನೆ.

ಮೊದಲು ಒಂದು ಮಾತು ಸ್ಪಷ್ಟ ಮಾಡೋಣ. 'ಮಾಡಿದ್ದುಣ್ಣೋ ಮಹರಾಯ' ಅನ್ನುವ ಗಾದೆ ತಪ್ಪಲ್ಲ. ಜೋಳ ಬಿತ್ತಿದರೆ ಜೋಳ ಬರುತ್ತದೆ, ಕುಸುಬಿ ಬರುವುದಿಲ್ಲ. ಸೆರೆ ಕುಡಿದು ಮನೆ ಹಾಳು ಮಾಡಿಕೊಂಡವನಿಗೆ ನೀನೇ ಮಾಡಿಕೊಂಡಿದ್ದು ಅಂತ ಹೇಳಿದರೆ ಅದು ನ್ಯಾಯವೇ. ಮಾಡಿದ್ದಕ್ಕೆ ಫಲ ಉಂಟು ಅನ್ನುವ ಈ ಸಾದಾ ತಿಳುವಳಿಕೆ ಎಲ್ಲ ಜನರಲ್ಲೂ ಇದೆ. ತಕರಾರು ಹುಟ್ಟುವುದು ಬಿತ್ತಿದ ಹೊಲ ಈ ಜನ್ಮದ್ದಲ್ಲ, ಹಿಂದಿನ ಜನ್ಮದ್ದು ಅಂತ ಹೇಳಿದಾಗ. ಆ ಹೊಲ ಯಾರೂ ನೋಡಿಲ್ಲ. ಬಿತ್ತಿದವನಿಗೂ ನೆನಪಿಲ್ಲ. ಆದರೂ ಬೆಳೆ ಮಾತ್ರ ನಮ್ಮ ಮನೆ ಮುಂದೆ ತಂದು ಸುರಿಯುತ್ತಾರೆ.

ಈ ವಿಚಾರ ಹೆಂಗ ಬೆಳೀತು ಅಂತ ನೋಡೋಣ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಆರ್ತಭಾಗ ಅನ್ನುವವನು ಯಾಜ್ಞವಲ್ಕ್ಯನಿಗೆ ಒಂದು ಪ್ರಶ್ನೆ ಕೇಳುತ್ತಾನೆ. ಸತ್ತ ಮೇಲೆ ಮಾತು ಬೆಂಕಿ ಸೇರಿತು, ಉಸಿರು ಗಾಳಿ ಸೇರಿತು, ಶರೀರ ಮಣ್ಣು ಸೇರಿತು, ಹಾಗಾದರೆ ಮನುಷ್ಯ ಎಲ್ಲಿ ಉಳಿದ? ಯಾಜ್ಞವಲ್ಕ್ಯ ಸಭೆಯಲ್ಲಿ ಉತ್ತರ ಕೊಡುವುದಿಲ್ಲ. ಅವನ ಕೈ ಹಿಡಿದು ಬದಿಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಇಬ್ಬರೂ ಮಾತಾಡಿದ್ದು ಕರ್ಮದ ಬಗ್ಗೆ. ಒಳ್ಳೆಯದು ಮಾಡಿದವನು ಒಳ್ಳೆಯವನಾಗುತ್ತಾನೆ, ಕೆಟ್ಟದ್ದು ಮಾಡಿದವನು ಕೆಟ್ಟವನಾಗುತ್ತಾನೆ ಅನ್ನುವುದೇ ಆ ಗುಟ್ಟಿನ ಸಾರ. ಆ ಸಂಭಾಷಣೆಯಲ್ಲಿ ಜಾತಿಯ ಸುದ್ದಿ ಇಲ್ಲ.

ಛಾಂದೋಗ್ಯ ಉಪನಿಷತ್ತಿನ ಐದನೆಯ ಅಧ್ಯಾಯಕ್ಕೆ ಬಂದರೆ ಮಾತು ಬೇರೆ. ಒಳ್ಳೆಯ ನಡತೆಯವರು ಬ್ರಾಹ್ಮಣ, ಕ್ಷತ್ರಿಯ, ವೈಶ್ಯ ಯೋನಿಯಲ್ಲಿ ಹುಟ್ಟುತ್ತಾರೆ, ಕೆಟ್ಟ ನಡತೆಯವರು ನಾಯಿ, ಹಂದಿ ಇಲ್ಲವೆ ಚಂಡಾಲ ಯೋನಿಯಲ್ಲಿ ಹುಟ್ಟುತ್ತಾರೆ ಅಂತ ಅಲ್ಲಿ ಹೇಳಿದೆ. ನಾಯಿ, ಹಂದಿ, ಚಂಡಾಲ ಒಂದೇ ಸಾಲಿನಲ್ಲಿ. ಮುಂದೆ ಮನುಸ್ಮೃತಿಯ ಹನ್ನೆರಡನೆಯ ಅಧ್ಯಾಯ ಯಾವ ಪಾಪಕ್ಕೆ ಯಾವ ಹುಟ್ಟು ಅಂತ ದೊಡ್ಡ ಪಟ್ಟಿಯನ್ನೇ ಮಾಡಿತು. ಭಗವದ್ಗೀತೆ ಹಳೆಯ ಬಟ್ಟೆ ಬಿಟ್ಟು ಹೊಸ ಬಟ್ಟೆ ಉಟ್ಟಂತೆ ಆತ್ಮ ಶರೀರ ಬದಲಿಸುತ್ತದೆ ಅಂದಿತು. ಪರರ ಧರ್ಮ ಚೆನ್ನಾಗಿ ಮಾಡುವುದಕ್ಕಿಂತ ತನ್ನ ಧರ್ಮವನ್ನು ಕುಂದಿನಿಂದ ಮಾಡಿದರೂ ಮೇಲು ಅಂದಿತು. ಗುಣ ಮತ್ತು ಕರ್ಮದಿಂದ ವರ್ಣ ಬಂತೇ ಹೊರತು ಹುಟ್ಟಿನಿಂದಲ್ಲ ಅಂತ ಗೀತೆಗೆ ಬೇರೆ ಅರ್ಥ ಹೇಳುವವರೂ ಇದ್ದಾರೆ. ಕರ್ಮ ಅಂದರೆ ನಾಳೆಯ ದಿನ ನಮ್ಮ ಕೈಯಲ್ಲೇ ಇದೆ ಅಂತ ಅರ್ಥ ಅಂದ ವಿವೇಕಾನಂದರೂ ಇದ್ದಾರೆ. ಅವರನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಊರಿನಲ್ಲಿ ನಡೆದದ್ದು ಆ ಅರ್ಥ ಅಲ್ಲ. ಊರು ಹೇಳಿದ್ದು ಒಂದೇ ಮಾತು: ನೀನು ಇಲ್ಲಿ ಹುಟ್ಟಿದ್ದೀಯ ಅಂದರೆ ಅಲ್ಲಿ ಏನೋ ಮಾಡಿದ್ದೀಯ.

ನಮ್ಮ ಕಡೆಯವರಿಗೆ ಇದು ಬೇಗ ತಿಳೀತದ. ಕಬ್ಬು ಕಡಿಯಲು ಹೋಗುವ ಗಂಡ-ಹೆಂಡತಿ ದಸರೆಗೆ ಮುಂಚೆ ಮುಕಾದಮನ ಹತ್ತಿರ ಉಚಲ ತಗೊಳ್ತಾರ. ಹಂಗಾಮು ಮುಗಿದಾಗ ಲೆಕ್ಕ ಮಾಡಿದರೆ ಇನ್ನೂ ಬಾಕಿ. ಮುಂದಿನ ವರ್ಷ ಮತ್ತೆ ಅದೇ ಕೋಯ್ತಾ, ಅದೇ ಗಾಡಿ. ಅದು ಅನ್ಯಾಯವೇ. ಆದರೂ ಮುಕಾದಮನ ಹತ್ತಿರ ಒಂದು ವಹಿ ಇರುತ್ತದೆ. ಎಷ್ಟು ಕೊಟ್ಟೆ, ಎಷ್ಟು ಮುಟ್ಟಿತು ಅಂತ ಜಗಳ ಮಾಡಲಿಕ್ಕಾದರೂ ಬರ್ತದ. ಓದಿದ ಮಗ ಬಂದು ಕೂತು ಕೂಡಿಸಿ ಕಳೆದು ತಪ್ಪು ಹಿಡಿಯಬಹುದು. ಹಿಂದಿನ ಜನ್ಮದ ಸಾಲಕ್ಕೆ ಆ ವಹಿಯೂ ಇಲ್ಲ. ಅಸಲು ಎಷ್ಟು? ಯಾವ ತಾರೀಖು? ಇಲ್ಲಿಯವರೆಗೆ ಎಷ್ಟು ತೀರಿತು? ಯಾರೂ ತೋರಿಸುವುದಿಲ್ಲ. ಸಾಲ ಇದೆ ಅನ್ನುವುದಕ್ಕೆ ಸಾಕ್ಷಿ ಏನು ಅಂತ ಕೇಳಿದರೆ, ನೀನು ಕಷ್ಟ ಪಡ್ತಾ ಇದ್ದೀಯಲ್ಲ ಅದೇ ಸಾಕ್ಷಿ ಅಂತಾರ. ಕಷ್ಟ ಯಾಕೆ ಅಂದರೆ ಸಾಲ ಇದೆ, ಸಾಲ ಹೆಂಗ ಗೊತ್ತು ಅಂದರೆ ಕಷ್ಟ ಇದೆ. ಈ ಚಕ್ರದಾಗ ಸಿಕ್ಕವನು ಹೊರಗ ಬರೋದು ಹೆಂಗ?

ಇನ್ನೊಂದು ಕಡೆಯೂ ನೋಡಬೇಕು. ಜಮೀನು ಇದ್ದವನಿಗೆ, ಬಾವಿ ಇದ್ದವನಿಗೆ ಈ ಸಿದ್ಧಾಂತ ಏನು ಹೇಳುತ್ತದೆ? ನಿನಗೆ ಬಂದದ್ದು ನಿನ್ನ ಪುಣ್ಯ. ಕಸಿದುಕೊಂಡದ್ದಲ್ಲ, ಗಳಿಸಿ ತಂದದ್ದು. ಅಂದರೆ ತುಳಿಸಿಕೊಂಡವನಿಗೆ ದೂರು ಕೊಡುವ ಹಕ್ಕು ಇಲ್ಲ, ತುಳಿದವನಿಗೆ ನಾಚಿಕೆ ಪಡುವ ಕಾರಣ ಇಲ್ಲ.

ಇದರ ನೋವು ಎಷ್ಟು ಆಳ ಅಂತ ತಿಳಿಯಬೇಕಾದರೆ ದೂರ ಹೋಗಬೇಕಿಲ್ಲ. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಗೆ ಹೋದರೆ ಸಾಕು. ಸಂತ ಚೋಖಾಮೇಳಾ ಅಲ್ಲಿಯವರು. ಮಹಾರ ಕುಲದಲ್ಲಿ ಹುಟ್ಟಿ, ವಿಠ್ಠಲನ ಭಕ್ತರಾಗಿ, ಅಭಂಗ ಕಟ್ಟಿ ಹಾಡಿದ ಹಿರಿಯ ಜೀವ. 1338ರಲ್ಲಿ ಮಂಗಳವೇಢೆಯ ಗೋಡೆ ಕಟ್ಟುವ ಬಿಟ್ಟಿ ಕೆಲಸದಲ್ಲಿದ್ದಾಗ ಗೋಡೆ ಕುಸಿದು ಸತ್ತರು ಅಂತ ಹೇಳುತ್ತಾರೆ. ಅವರ ಸಮಾಧಿ ಪಂಢರಪುರದ ದೇವಸ್ಥಾನದ ಮಹಾದ್ವಾರದ ಎದುರಿಗೆ ಇದೆ. ನಮ್ಮ ಜನ ನೂರಾರು ವರ್ಷ ಅಲ್ಲಿಯವರೆಗೆ ಮಾತ್ರ ಹೋಗಿ ಕೈಮುಗಿದು ಬಂದರು. 1947ರಲ್ಲಿ ಸಾನೆ ಗುರೂಜಿಯವರು ಉಪವಾಸ ಕೂತ ಮೇಲೆ ಗುಡಿಯ ಬಾಗಿಲು ತೆರೆಯಿತು.

ಚೋಖೋಬಾರ ಹೆಸರಿನಲ್ಲಿ ಒಂದು ಅಭಂಗ ಇದೆ. ಹಿಂದಿನ ಜನ್ಮದಲ್ಲಿ ಕೃಷ್ಣನಿಗೆ ಅಗೌರವ ಮಾಡಿದ್ದರಿಂದ ನನಗೆ ಈ ಹುಟ್ಟು ಬಂತು ಅಂತ ಅದರ ಅರ್ಥ. ವಿಚಾರ ಮಾಡ್ರಿ. ದಿನವಿಡೀ ದೇವರ ನಾಮ ಹಾಡಿದ ಮನುಷ್ಯ. ಸತ್ತ ದನ ಎಳೆದು, ಬಿಟ್ಟಿ ದುಡಿದು, ಗುಡಿಯ ಹೊರಗೆ ನಿಂತ ಮನುಷ್ಯ. ತನ್ನನ್ನು ಹೊರಗೆ ನಿಲ್ಲಿಸಿದವರ ತಪ್ಪು ಹುಡುಕುವ ಬದಲು ತನ್ನದೇ ತಪ್ಪು ಹುಡುಕಿದ. ಈ ಜನ್ಮದಲ್ಲಿ ಸಿಗಲಿಲ್ಲ, ಹಿಂದಿನದರಲ್ಲಿ ಹುಡುಕಿದ. ಇದಕ್ಕೆ ನಾನು ಚೋಖೋಬಾರನ್ನು ದೂಷಿಸುವುದಿಲ್ಲ. ಆ ಕಾಲದಲ್ಲಿ ನೋವಿಗೆ ಅರ್ಥ ಕೊಡಲು ಅವರ ಕೈಗೆ ಸಿಕ್ಕಿದ್ದು ಆ ಒಂದೇ ಮಾತು. ಅದೇ ಮನೆಯಲ್ಲಿ ಬೇರೆ ದನಿಯೂ ಇತ್ತು. ಮೈಲಿಗೆ ಇಲ್ಲದ ಶರೀರ ಎಲ್ಲಿದೆ ಅಂತ ಅವರ ಹೆಂಡತಿ ಸೋಯರಾಬಾಯಿ ಕೇಳಿದರು. ಮಗನ ಹೆಸರೇ ಕರ್ಮಮೇಳಾ. ಅವನ ಅಭಂಗಗಳಲ್ಲಿ ದೇವರಿಗೇ ನೇರ ಪ್ರಶ್ನೆ ಇದೆ. ಬಾಬಾಸಾಹೇಬರು 1948ರಲ್ಲಿ ತಾವು ಬರೆದ 'ದಿ ಅನ್‌ಟಚೆಬಲ್ಸ್' ಪುಸ್ತಕವನ್ನು ನಂದನಾರ್, ರವಿದಾಸ, ಚೋಖಾಮೇಳಾ ಈ ಮೂವರ ನೆನಪಿಗೆ ಅರ್ಪಿಸಿದರು. ಗೌರವ ಕೊಟ್ಟರು, ಆದರೆ ಅವರ ಉತ್ತರವನ್ನು ಒಪ್ಪಿಕೊಳ್ಳಲಿಲ್ಲ.

ಇನ್ನು ಮುಕ್ತಿಯ ಮಾತು. ಹಿಂದೂ ದರ್ಶನಗಳಲ್ಲಿ ಮೋಕ್ಷ ಅಂದರೆ ಹುಟ್ಟು-ಸಾವಿನ ಸುತ್ತಿನಿಂದ ಆತ್ಮ ಬಿಡುಗಡೆ ಆಗುವುದು. ಅದ್ವೈತದಲ್ಲಿ ಆತ್ಮ ಬ್ರಹ್ಮ ಒಂದೇ, ಎಲ್ಲರಲ್ಲೂ ಇರುವುದು ಅದೇ. ಈ ಮಾತು ಕೇಳಿದರೆ ಜಾತಿಗೆ ಜಾಗವೇ ಇರಬಾರದು. ಆದರೆ ಬ್ರಹ್ಮಸೂತ್ರದ ಮೊದಲ ಅಧ್ಯಾಯದಲ್ಲಿ ಅಪಶೂದ್ರಾಧಿಕರಣ ಅಂತ ಒಂದು ಭಾಗ ಇದೆ. ಅದಕ್ಕೆ ಭಾಷ್ಯ ಬರೆದ ಶಂಕರಾಚಾರ್ಯರು ಶೂದ್ರರಿಗೆ ವೇದದ ಓದು ಇಲ್ಲ, ಆದ್ದರಿಂದ ವೇದದ ಮೂಲಕ ಬರುವ ಬ್ರಹ್ಮವಿದ್ಯೆಯ ಅಧಿಕಾರವೂ ಇಲ್ಲ ಅಂದರು. ಪುರಾಣ, ಇತಿಹಾಸ ಕೇಳಬಹುದು ಅಂದರು. ಹಾಗಾದರೆ ವಿದುರ, ಧರ್ಮವ್ಯಾಧ ಇವರಿಗೆ ಜ್ಞಾನ ಹೇಗೆ ಬಂತು? ಹಿಂದಿನ ಜನ್ಮದ ಸಂಸ್ಕಾರದಿಂದ ಅಂತ ಅವರದೇ ಉತ್ತರ. ನೋಡ್ರಿ, ಬಾಗಿಲು ಮುಚ್ಚಿದ್ದಕ್ಕೂ ಹಿಂದಿನ ಜನ್ಮ ಕಾರಣ, ಒಬ್ಬಿಬ್ಬರು ಒಳಗೆ ಹೋದದ್ದಕ್ಕೂ ಹಿಂದಿನ ಜನ್ಮವೇ ಕಾರಣ. ನಮಗೆ ಉಳಿದದ್ದು ಸರತಿ ಸಾಲು. ಈ ಜನ್ಮದಲ್ಲಿ ಹೇಳಿದ್ದು ಕೇಳಿಕೊಂಡಿರು, ಮುಂದಿನ ಜನ್ಮದಲ್ಲಿ ಮೇಲೆ ಹುಟ್ಟು, ಆಮೇಲೆ ಮುಕ್ತಿಯ ಮಾತು.

ಈ ಸರತಿಯನ್ನು ಮುರಿದವರು ನಮ್ಮ ನೆಲದಲ್ಲೇ ಇದ್ದರು. ಹನ್ನೆರಡನೆಯ ಶತಮಾನದ ಶರಣರು ದೀಕ್ಷೆ ಆದವನ ಪೂರ್ವಾಶ್ರಯ ಕೇಳಬಾರದು ಅಂದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಇವರನ್ನು ಹಿರಿಯರು ಅಂತ ಬಸವಣ್ಣ ಕರೆದರು. ಸೊನ್ನಲಿಗೆ, ಅಂದರೆ ಈಗಿನ ಸೊಲ್ಲಾಪುರದ ಸಿದ್ಧರಾಮರೂ ಆ ಬಳಗದವರೇ. ಹುಟ್ಟಿನ ಲೆಕ್ಕ ಅಳಿಸಬಹುದು ಅನ್ನುವ ಮಾತು ಕನ್ನಡಕ್ಕೆ ಹೊಸದಲ್ಲ.

ಈಗ ಬುದ್ಧನ ಕಡೆ ಬರೋಣ. ಬುದ್ಧನ ಕಾಲದಲ್ಲಿ ಕರ್ಮದ ಬಗ್ಗೆ ದೊಡ್ಡ ವಾದ ನಡೆದಿತ್ತು. ಎಲ್ಲವೂ ನಿಯತಿ, ಮನುಷ್ಯನ ಪ್ರಯತ್ನದಿಂದ ಏನೂ ಆಗದು ಅಂತ ಮಕ್ಖಲಿ ಗೋಸಾಲ ಹೇಳುತ್ತಿದ್ದ. ಸತ್ತರೆ ಮುಗೀತು, ಪಾಪ ಪುಣ್ಯ ಏನೂ ಇಲ್ಲ ಅಂತ ಅಜಿತ ಕೇಸಕಂಬಲಿ ಹೇಳುತ್ತಿದ್ದ. ಹಿಂದಿನ ಕರ್ಮವನ್ನು ದೇಹ ದಂಡಿಸಿ ತೀರಿಸಬೇಕು ಅಂತ ನಿಗಂಠರು ಹೇಳುತ್ತಿದ್ದರು. ಬುದ್ಧ ಈ ಮೂವರನ್ನೂ ಒಪ್ಪಲಿಲ್ಲ. ಕರ್ಮ ಅಂದರೆ ಚೇತನಾ, ಅಂದರೆ ಮನಸ್ಸಿನ ಉದ್ದೇಶ ಅಂದ. ಯಜ್ಞ ಅಲ್ಲ, ಕುಲದ ಕಸುಬು ಅಲ್ಲ, ವಿಧಿ ಅಲ್ಲ. ತಿಳಿದು, ಬೇಕೆಂದು ನೀನು ಏನು ಮಾಡುತ್ತೀ, ಏನು ಆಡುತ್ತೀ, ಏನು ಯೋಚಿಸುತ್ತೀ ಅದು ಕರ್ಮ.

ಮಜ್ಝಿಮ ನಿಕಾಯದಲ್ಲಿ ಒಂದು ಪ್ರಸಂಗ ಇದೆ. ರಾಜಗೃಹದ ಇಸಿಗಿಲಿ ಬೆಟ್ಟದ ಹತ್ತಿರ ಕೆಲವು ನಿಗಂಠರು ಕೂರದೆ ನಿಂತೇ ತಪಸ್ಸು ಮಾಡುತ್ತಿದ್ದರು. ಮೈಯೆಲ್ಲ ನೋವು. ಯಾಕೆ ಹೀಗೆ ಅಂದರೆ ಹಿಂದಿನ ಪಾಪ ಕರಗಿಸುತ್ತಿದ್ದೇವೆ ಅಂದರು. ಬುದ್ಧ ಕೇಳಿದ: ನೀವು ಹಿಂದೆ ಇದ್ದಿರಿ ಅಂತ ನಿಮಗೆ ಗೊತ್ತೋ? ಇಲ್ಲ. ಪಾಪ ಮಾಡಿದ್ದಿರಿ ಅಂತ ಗೊತ್ತೋ? ಇಲ್ಲ. ಯಾವ ಪಾಪ ಅಂತ? ಇಲ್ಲ. ಇಷ್ಟು ಕರಗಿತು, ಇಷ್ಟು ಉಳಿಯಿತು ಅಂತಾದರೂ? ಅದೂ ಇಲ್ಲ. ಮುಕಾದಮನ ವಹಿಯ ಬಗ್ಗೆ ಈಗ ನಾವು ಕೇಳಿದ ಪ್ರಶ್ನೆಗಳೇ ಇವು. ಈ ಸುತ್ತವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ' ಪುಸ್ತಕದಲ್ಲಿ ಮುಖ್ಯ ಆಧಾರವಾಗಿ ತಗೊಂಡಿದ್ದಾರೆ.

ಇನ್ನೊಂದು ಸುತ್ತ ಸಂಯುತ್ತ ನಿಕಾಯದ್ದು. ಸೀವಕ ಅನ್ನುವ ಪರಿವ್ರಾಜಕ ಬಂದು, ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲ ಅಂತ ಕೆಲವರು ಹೇಳುತ್ತಾರೆ, ನೀವೇನು ಹೇಳುತ್ತೀರಿ ಅಂತ ಕೇಳುತ್ತಾನೆ. ಬುದ್ಧ ಬೆರಳು ಮಡಚಿ ಎಣಿಸಿದಂತೆ ಎಂಟು ಕಾರಣ ಹೇಳುತ್ತಾನೆ. ಪಿತ್ತ, ಕಫ, ವಾತ, ಮೂರೂ ಕೂಡಿ ಕೆಡುವುದು, ಹವೆ ಬದಲಾಗುವುದು, ಮೈ ಬಗ್ಗೆ ಎಚ್ಚರ ತಪ್ಪುವುದು, ಬೇರೆಯವರು ಹೊಡೆಯುವುದು, ಎಂಟನೆಯದು ಕರ್ಮದ ಫಲ. ಕರ್ಮ ಇಲ್ಲ ಅನ್ನಲಿಲ್ಲ. ಎಂಟರಲ್ಲಿ ಒಂದು ಅಂದ. ಎಲ್ಲವೂ ಕರ್ಮ ಅನ್ನುವವರು ಕಣ್ಣಿಗೆ ಕಾಣುವುದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಹೋಗುತ್ತಾರೆ ಅಂದ. ವೈದ್ಯನಿಗೆ ಜಾಗ ಸಿಕ್ಕಿತು, ಹವೆಗೆ ಜಾಗ ಸಿಕ್ಕಿತು, ಹೊಡೆದವನ ಕೈಗೂ ಜಾಗ ಸಿಕ್ಕಿತು. ನಮ್ಮ ಜನ ಕೊನೆಯ ಎರಡನ್ನು ಬೇರೆ ಬೇರೆ ಮಾಡಿ ನೋಡುವುದನ್ನು ಕಲಿಯಬೇಕು. ಹೊಡೆದದ್ದು ಹೊಡೆತ. ಅದು ನಮ್ಮ ಕರ್ಮ ಅಲ್ಲ, ಹೊಡೆದವನ ಕರ್ಮ.

ಎಲ್ಲವೂ ಹಿಂದಿನ ಕರ್ಮದಿಂದ, ಎಲ್ಲವೂ ಈಶ್ವರನಿಂದ, ಎಲ್ಲವೂ ಕಾರಣವೇ ಇಲ್ಲದೆ, ಈ ಮೂರು ಮತಗಳೂ ಮನುಷ್ಯನನ್ನು ಕೈಕಟ್ಟಿ ಕೂರಿಸುತ್ತವೆ ಅಂತ ಅಂಗುತ್ತರ ನಿಕಾಯದಲ್ಲಿ ಬುದ್ಧ ಹೇಳುತ್ತಾನೆ. ಕಳ್ಳ ಕದ್ದದ್ದೂ ಹಿಂದಿನ ಕರ್ಮ ಅಂದರೆ, ಮಾಡಬೇಕಾದದ್ದು ಮಾಡಬಾರದ್ದು ಅನ್ನುವ ಮಾತೇ ಉಳಿಯುವುದಿಲ್ಲ.

ಉಪ್ಪಿನ ಹೋಲಿಕೆಯೂ ಅಲ್ಲೇ ಇದೆ. ಒಂದು ಹರಳು ಉಪ್ಪು ಸಣ್ಣ ಬಟ್ಟಲಿನ ನೀರಿಗೆ ಹಾಕಿದರೆ ಕುಡಿಯಲಿಕ್ಕೆ ಬರುವುದಿಲ್ಲ. ಅದೇ ಹರಳು ಗಂಗೆಗೆ ಹಾಕಿದರೆ ಗೊತ್ತೂ ಆಗುವುದಿಲ್ಲ. ಮಾಡಿದ ತಪ್ಪು ಅಷ್ಟೇ ಇರಬಹುದು, ಆದರೆ ಮನುಷ್ಯ ಬೆಳೆದು ದೊಡ್ಡವನಾದರೆ ಅದರ ಕಹಿ ಕಡಿಮೆ ಆಗುತ್ತದೆ. ಮಾಡಿದ್ದನ್ನು ಅಳತೆ ತಪ್ಪದೆ ಉಣ್ಣಲೇಬೇಕು ಅನ್ನುವುದಾದರೆ ಧಮ್ಮದ ದಾರಿಯಲ್ಲಿ ನಡೆದು ಪ್ರಯೋಜನ ಇಲ್ಲ ಅಂತ ಬುದ್ಧ ಅಲ್ಲಿ ಹೇಳಿದ್ದಾನೆ. ಅಂಗುಲಿಮಾಲ ಎಷ್ಟು ಜನರನ್ನು ಕೊಂದಿದ್ದ! ಭಿಕ್ಕು ಆದ ಮೇಲೆ ಜನ ಅವನಿಗೆ ಕಲ್ಲು ಹೊಡೆದರು, ತಲೆ ಒಡೆಯಿತು. ತಾಳಿಕೋ ಅಂದ ಬುದ್ಧ. ಫಲ ತಪ್ಪಲಿಲ್ಲ. ಆದರೆ ಬಿಡುಗಡೆಯೂ ಅದೇ ಜನ್ಮದಲ್ಲಿ ಸಿಕ್ಕಿತು. ಕಸ ಗುಡಿಸುತ್ತಿದ್ದ ಸುನೀತನೂ ಅಷ್ಟೇ. ಅವನ ಕಥೆ ಥೇರಗಾಥೆಯಲ್ಲಿ ಇದೆ. ಮುಂದಿನ ಜನ್ಮದಲ್ಲಿ ಬಾ ಅಂತ ಬುದ್ಧ ಅವನಿಗೆ ಹೇಳಲಿಲ್ಲ. ಬಾ ಅಂದ, ಅಷ್ಟೇ.

ಹಾಗಾದರೆ ಬುದ್ಧ ಪುನರ್ಜನ್ಮ ಒಪ್ಪಿದನೋ ಇಲ್ಲವೋ? ಈ ಪ್ರಶ್ನೆ ಪ್ರತಿ ವರ್ಷ ನಮ್ಮ ಹುಡುಗರು ಕೇಳುತ್ತಾರೆ. ಇದಕ್ಕೆ ಸುಳ್ಳು ಉತ್ತರ ಕೊಡಬಾರದು.

ಬುದ್ಧ ಆತ್ಮ ಒಪ್ಪಲಿಲ್ಲ. ಇದರಲ್ಲಿ ಎಲ್ಲ ಬೌದ್ಧರೂ ಒಂದೇ. ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಈ ಐದು ಕೂಡಿ ಮನುಷ್ಯ, ಆರನೆಯದು ಒಳಗೆ ಕೂತಿಲ್ಲ. ಬೆಸ್ತರ ಮಗ ಸಾತಿ ಅನ್ನುವ ಭಿಕ್ಕು, ಒಂದೇ ವಿಜ್ಞಾನ ಶರೀರದಿಂದ ಶರೀರಕ್ಕೆ ಹೋಗುತ್ತದೆ ಅಂದಾಗ ಬುದ್ಧ ಅವನನ್ನು ಗದರಿಸಿದ. ಆತ್ಮ ಇಲ್ಲದಿದ್ದರೆ ಮರುಹುಟ್ಟು ಯಾರಿಗೆ ಅಂತ ಗ್ರೀಕ್ ದೊರೆ ಮಿಲಿಂದ ಭಿಕ್ಕು ನಾಗಸೇನನಿಗೆ ಕೇಳಿದ. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದಂತೆ ಅಂದ ನಾಗಸೇನ. ಉರಿ ಮುಂದುವರಿಯಿತು, ಆದರೆ ಏನೂ ಹಾರಿ ಹೋಗಲಿಲ್ಲ.

ಸಿಂಹಳ, ಬರ್ಮಾ, ಟಿಬೇಟಿನ ಬೌದ್ಧರು ಮರುಹುಟ್ಟು ನಂಬುತ್ತಾರೆ. ಪಾಲಿ ಗ್ರಂಥಗಳಲ್ಲಿ ಜಾತಕ ಕಥೆಗಳಿವೆ. ಬಡತನ, ಕುರೂಪ, ಕೀಳು ಕುಲ ಇವೆಲ್ಲ ಹಿಂದಿನ ಕರ್ಮದ ಫಲ ಅನ್ನುವ ಚೂಳಕಮ್ಮವಿಭಂಗ ಸುತ್ತವೂ ಮಜ್ಝಿಮ ನಿಕಾಯದಲ್ಲೇ ಇದೆ. ಇದನ್ನು ಮುಚ್ಚಿಟ್ಟರೆ ನಾಳೆ ಬೇರೆ ಯಾರೋ ತೆಗೆದು ತೋರಿಸುತ್ತಾರೆ, ಆಗ ನಾವು ತಡವರಿಸುತ್ತೇವೆ. ಬಾಬಾಸಾಹೇಬರು ಮುಚ್ಚಿಡಲಿಲ್ಲ. ಆತ್ಮ ಇಲ್ಲ ಅಂದವನು ಹಿಂದಿನ ಜನ್ಮದ ಕರ್ಮ ಹೊತ್ತು ತರುವ ಸಿದ್ಧಾಂತ ಹೇಳಲಿಕ್ಕೆ ಸಾಧ್ಯವಿಲ್ಲ, ಇದು ಆಮೇಲೆ ಯಾರೋ ಕಸಿ ಕಟ್ಟಿದ್ದು ಅಂತ ನೇರವಾಗಿ ಬರೆದರು. ಮಗುವಿನ ಶರೀರ ತಂದೆ-ತಾಯಿಯಿಂದ ಬರುತ್ತದೆ, ಹಾಗಿರುವಾಗ ಹಿಂದಿನ ಜನ್ಮದ ಕರ್ಮ ಯಾವ ದಾರಿಯಿಂದ ಬಂತು ಅಂತ ಕೇಳಿದರು. ಬಡವರ ಸ್ಥಿತಿಗೆ ಅವರ ಹಿಂದಿನ ಕರ್ಮವೇ ಕಾರಣ ಅಂದರೆ ಸರಕಾರ, ಸಮಾಜ ಎರಡೂ ಹೊಣೆಯಿಂದ ಪಾರಾಗುತ್ತವೆ, ಕರುಣೆಯ ಬುದ್ಧ ಇದನ್ನು ಹೇಳಿರಲಾರ ಅನ್ನುವುದು ಅವರ ವಾದ. ಕರ್ಮನಿಯಮ ಅಂದರೆ ಒಬ್ಬೊಬ್ಬರ ಹಣೆಬರಹ ಅಲ್ಲ, ಋತುಗಳಿಗೆ ಒಂದು ಕ್ರಮ ಇದ್ದಂತೆ ಲೋಕದ ನೀತಿಗೆ ಇರುವ ಕ್ರಮ ಅಂದರು. ಒಳ್ಳೆಯ ಕೆಲಸ ಹೆಚ್ಚಿದರೆ ಸಮಾಜ ಒಳ್ಳೆಯದಾಗುತ್ತದೆ, ಕೆಟ್ಟದ್ದು ಹೆಚ್ಚಿದರೆ ಎಲ್ಲರೂ ಅನುಭವಿಸುತ್ತಾರೆ.

ಬೌದ್ಧ ಪಂಡಿತರು ಎಲ್ಲರೂ ಇದನ್ನು ಒಪ್ಪಿಲ್ಲ. ಒಪ್ಪಬೇಕೆಂದೂ ಇಲ್ಲ. ಕಾಲಾಮರಿಗೆ ಬುದ್ಧ ಹೇಳಿದ ಮಾತು ಇಲ್ಲಿ ನಮಗೆ ದಾರಿ ತೋರಿಸುತ್ತದೆ. ಪರಲೋಕ ಇದ್ದರೆ ಒಳ್ಳೆಯ ಮನಸ್ಸಿನವನಿಗೆ ಅಲ್ಲಿ ಒಳ್ಳೆಯದೇ ಆಗುತ್ತದೆ. ಇಲ್ಲದಿದ್ದರೆ ಇದೇ ಬದುಕಿನಲ್ಲಿ ವೈರ ಇಲ್ಲದೆ, ದುಃಖ ಇಲ್ಲದೆ ಇರುತ್ತಾನೆ. ಎರಡರಲ್ಲೂ ನಷ್ಟ ಇಲ್ಲ. ಅಂದರೆ ಮರುಹುಟ್ಟಿನ ಪ್ರಶ್ನೆ ಬಗೆಹರಿಯುವವರೆಗೆ ಬದುಕನ್ನು ನಿಲ್ಲಿಸಬೇಕಿಲ್ಲ. ನಿಬ್ಬಾಣ ಅಂದರೂ ರಾಗ, ದ್ವೇಷ, ಮೋಹ ಈ ಮೂರು ಬೆಂಕಿ ಆರುವುದು. ಅದು ಸತ್ತ ಮೇಲಿನ ಊರು ಅಲ್ಲ.

1936ರ ಮೇ ತಿಂಗಳ ಕೊನೆಗೆ ಮುಂಬಯಿಯಲ್ಲಿ ಬಾಬಾಸಾಹೇಬರು ಮರಾಠಿಯಲ್ಲಿ ಒಂದು ದೊಡ್ಡ ಭಾಷಣ ಮಾಡಿದರು. 'ಮುಕ್ತಿ ಕೋನ್ ಪಥೆ' ಅಂತ ಅದರ ಹೆಸರು. ಮುಕ್ತಿಯ ದಾರಿ ಯಾವುದು? ಹಳೆಯ ಮಾತನ್ನೇ ತಗೊಂಡರು, ಆದರೆ ಅದರ ಒಳಗೆ ಬೇರೆ ಜೀವ ತುಂಬಿದರು. ಆತ್ಮಕ್ಕೆ ಸಂಸಾರದಿಂದ ಮುಕ್ತಿ ಅಲ್ಲ, ಮನುಷ್ಯನಿಗೆ ಅವಮಾನದಿಂದ ಮುಕ್ತಿ. ಇಪ್ಪತ್ತು ವರ್ಷ ಕಳೆದು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬರ್ಮಾ ದೇಶದ ಹಿರಿಯ ಭಿಕ್ಕು ಚಂದ್ರಮಣಿಯವರಿಂದ ದೀಕ್ಷೆ ತಗೊಂಡರು. ಆಮೇಲೆ ನೆರೆದ ಲಕ್ಷಾಂತರ ಜನರಿಗೆ ತಾವೇ ದೀಕ್ಷೆ ಕೊಟ್ಟು 22 ಪ್ರತಿಜ್ಞೆ ಹೇಳಿಸಿದರು. ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಅನ್ನುವುದು ಅದರಲ್ಲಿ ಒಂದು. ಇಪ್ಪತ್ತೊಂದನೆಯ ಪ್ರತಿಜ್ಞೆ ಏನು ಅಂತ ನಿಮ್ಮಲ್ಲಿ ಎಷ್ಟು ಜನ ನೆನಪಿಟ್ಟಿದ್ದೀರಿ? ನನಗೆ ಹೊಸ ಜನ್ಮ ಆಗುತ್ತಿದೆ ಅಂತ ನಂಬುತ್ತೇನೆ ಅನ್ನುವುದು ಅದರ ತಾತ್ಪರ್ಯ. ನಮ್ಮ ಪುನರ್ಜನ್ಮ ಅದೇ. ಸತ್ತು ಹುಟ್ಟುವುದಲ್ಲ, ಬದುಕಿರುವಾಗಲೇ ಹುಟ್ಟುವುದು. ಹಳೆಯ ಸಾಲದ ಮಾತು ಅವತ್ತಿಗೆ ಮುಗಿಯಿತು.

ಹುಟ್ಟಿನಿಂದ ಬಂದ ಕೆಲಸ ಸಾಯುವವರೆಗೆ ಬಿಡುವುದಿಲ್ಲ ಅನ್ನುತ್ತಿದ್ದರಲ್ಲ, ಅದರ ಗತಿ ಏನಾಯಿತು? ಮಹಾರ ವತನ ತಲೆತಲಾಂತರದಿಂದ ಬಂದ ಬಿಟ್ಟಿ ಚಾಕರಿ. ಅದನ್ನು ತಿದ್ದಲು ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನ ಸಭೆಯಲ್ಲಿ ಮಸೂದೆ ತಂದರು. ಕೊನೆಗೆ 1958ರ ಕಾಯ್ದೆಯಿಂದ ಆ ವತನ ರದ್ದಾಯಿತು. ಎಷ್ಟೋ ತಲೆಮಾರಿನ 'ಕರ್ಮ' ಒಂದು ಕಾಯ್ದೆಯಿಂದ ಹೋಯಿತು. ಸಂವಿಧಾನದ 17ನೆಯ ಕಲಮು ಅಸ್ಪೃಶ್ಯತೆಯನ್ನು ಅಪರಾಧ ಅಂದಿತು. ಅಪರಾಧ ಅಂದರೆ ಏನು? ಮಾಡಿದವನು ಬೇರೆ ಇದ್ದಾನೆ, ಅವನು ಈ ಜನ್ಮದಲ್ಲೇ ಇದ್ದಾನೆ ಅಂತ ಅರ್ಥ. ಗಟಾರದ ಗುಂಡಿಗೆ ಇಳಿದು ಜನ ಸಾಯುವುದು ಅವರ ಹಣೆಬರಹ ಆಗಿದ್ದರೆ 2013ರ ಕಾಯ್ದೆ ಬೇಕಿರಲಿಲ್ಲ. ಸತ್ತವರ ಮನೆಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಿರಲಿಲ್ಲ. ನಾವು 'ನಮ್ಮ ಕರ್ಮ' ಅಂದ ಕೂಡಲೆ ಗುಂಡಿಗೆ ಇಳಿಸಿದವನು ಬಚಾವಾಗುತ್ತಾನೆ. ಮೊದಲು ಹೇಳಿದ ನಷ್ಟ ಇದೇ.

ಹಂಗಂತ ಮನೆಯ ಅಜ್ಜಿ 'ನನ್ನ ಕರ್ಮ' ಅಂತ ಅತ್ತರೆ ಅವಳಿಗೆ ಪಾಠ ಹೇಳಲಿಕ್ಕೆ ಹೋಗಬೇಡ್ರಿ. ಅದು ಅವಳ ದುಃಖದ ಮಾತು. ಕಿಸಾ ಗೋತಮಿ ಸತ್ತ ಕೂಸನ್ನು ಎತ್ತಿಕೊಂಡು ಬಂದಾಗ ಬುದ್ಧ ಏನು ಮಾಡಿದ? ಇದು ನಿನ್ನ ಹಿಂದಿನ ಪಾಪ ಅನ್ನಲಿಲ್ಲ. ಸಾವು ಕಾಣದ ಮನೆಯಿಂದ ಸಾಸಿವೆ ತಾ ಅಂದ. ಮನೆ ಮನೆ ತಿರುಗಿದಾಗ ದುಃಖ ತನ್ನೊಬ್ಬಳದೇ ಅಲ್ಲ ಅಂತ ಅವಳಿಗೇ ತಿಳಿಯಿತು. ಹಿರಿಯರ ಹತ್ತಿರ ಕೂತು ಕೇಳ್ರಿ. ಆಮೇಲೆ ದವಾಖಾನೆಯ ಕಾಗದ ತೆಗೆದು ನೋಡ್ರಿ, ಅರ್ಜಿ ಎಲ್ಲಿ ನಿಂತಿದೆ ಅಂತ ವಿಚಾರಿಸ್ರಿ. ಎಂಟು ಕಾರಣಗಳಲ್ಲಿ ಯಾವುದು ಅಂತ ಹುಡುಕ್ರಿ.

ಕೊನೆಯದಾಗಿ ನಮ್ಮದೇ ಕರ್ಮದ ಮಾತು. ಉದ್ದೇಶವೇ ಕರ್ಮ ಅಂತ ಒಪ್ಪಿದರೆ ನಮ್ಮ ಮೇಲೆ ಹೊಣೆ ಹೆಚ್ಚಾಗುತ್ತದೆ, ಕಡಿಮೆ ಆಗುವುದಿಲ್ಲ. ಹಿಂದಿನ ಜನ್ಮ ಬಿಡ್ರಿ, ಈ ವಾರದ ಲೆಕ್ಕ ನೋಡೋಣ. ನಮ್ಮೊಳಗೇ ಹೊಲೆಯ, ಮಾದಿಗ, ಸಮಗಾರ, ಡೋಹರ ಅಂತ ಎಷ್ಟು ಮನೆಗಳಲ್ಲಿ ನೀರು ಬೇರೆ ಇದೆ? ಜಯಂತಿಯ ಮೆರವಣಿಗೆಗೆ ಎತ್ತಿದ ವರ್ಗಣಿಯಲ್ಲಿ ಡಿಜೆಗೆ ಎಷ್ಟು, ವಾಚನಾಲಯಕ್ಕೆ ಎಷ್ಟು? ಮಗಳಿಗೆ ಹತ್ತನೆಯ ಇಯತ್ತೆ ಮುಗಿದ ಕೂಡಲೆ ಗಂಡು ನೋಡುವವರು ನಾವೇ ಅಲ್ಲವೆ? ಇವು ನಾವು ತಿಳಿದು, ಬೇಕೆಂದು ಮಾಡುವ ಕೆಲಸ. ಇದರ ವಹಿ ನಮ್ಮ ಕೈಯಲ್ಲೇ ಇದೆ, ಓದಲಿಕ್ಕೂ ಬರುತ್ತದೆ, ತಿದ್ದಲಿಕ್ಕೂ ಬರುತ್ತದೆ.

ನೀವು ಮಾಡದ ಸಾಲಕ್ಕೆ ಸಹಿ ಹಾಕಬೇಡ್ರಿ. ಮಾಡಿದ್ದಕ್ಕೆ ಮಾತ್ರ ತಪ್ಪದೆ ಲೆಕ್ಕ ಕೊಡ್ರಿ.